ಬೆನ್ನು ತಿರುಗಿಸಿ ಕಾಯ್ದ ಊರು

೨೦೦೯ರ ಆಗಸ್ಟ್ ತಿಂಗಳ ಕೊನೆಯ ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಶಿಡ್ಲಘಟ್ಟದ ನಮ್ಮ ಮನೆಯ ನಡುಕೋಣೆಯಲ್ಲಿ ಇದ್ದವರು ನಾನು, ನನ್ನ ಹೆಂಡತಿ ಮತ್ತು ಹೆರಿಗೆಗೆಂದು ಗೌರಿಬಿದನೂರಿನಿಂದ ಬಂದಿದ್ದ ಮಗಳು.

ಹಾಸಿಗೆ ಬಿಟ್ಟು ಏಳಬಾರದೆಂದು ಡಾಕ್ಟರು ಮಗಳಿಗೆ ಹೇಳಿದ್ದರು. ಬೇಸರ ಕಳೆಯಲಿ ಎಂದು ಅಳಿಯಂದಿರು ತಮ್ಮ ಆಫೀಸಿನ ಲ್ಯಾಪ್‌ಟಾಪ್ ಬಿಟ್ಟುಹೋಗಿದ್ದರು. ಸೋಮವಾರ ಅದನ್ನು ಆಫೀಸಿಗೆ ಒಪ್ಪಿಸಬೇಕಾಗಿದ್ದರಿಂದ ಆ ಸಂಜೆ ಬಂದು ಒಯ್ಯುವವರಿದ್ದರು. ಮಗಳು ಅದರಲ್ಲಿ ಏನೋ ಕೆಲಸ ಮಾಡುತ್ತಿದ್ದಾಳೆ ಎಂದೇ ನಾವು ತಿಳಿದಿದ್ದೆವು. ರಾಗಿ ಗಂಜಿಯ ಲೋಟ ಹಿಡಿದು ಹೋದ ಹೆಂಡತಿ ಪರದೆ ನೋಡಿ ಕೂಗಿಕೊಂಡಳು.

"ಅಯ್ಯೋ ದೇವುಡಾ! ಬಸುರಿ ಹೆಂಗಸು ಹೆಣ ನೋಡಬಾರ್ದು ಕಣೇ!"

"ಅಮ್ಮ, ಇದು ಗೇಮು. ಜಾಂಬಿ ಅಂತಾರೆ. ಬರೀ ಬೊಂಬೆ."

"ಬೊಂಬೆ ಹೆಣಾನೂ ಹೆಣಾನೇ. ಇವು ಸುಮ್ನೆ ಮಲಗೂ ಇಲ್ಲ, ಎದ್ದು ಓಡಾಡ್ತಾ ಅವೆ!"

ಮಗಳ ಕಣ್ಣು ತುಂಬಿತು. ಆ ಆಟದಲ್ಲಿ ಅಚೀವ್‌ಮೆಂಟ್ ಎಂಬ ಪದಕಗಳಿದ್ದವು. ಹಾಸಿಗೆ ಹಿಡಿದ ದಿನದಿಂದ ಅವಳು ಒಂದೊಂದಾಗಿ ಎಲ್ಲವನ್ನೂ ಗಳಿಸಿದ್ದಳು. ಉಳಿದಿದ್ದು ಕೊನೆಯ ಊರಿನ ಪದಕ ಮಾತ್ರ. ಒಂದೂ ಗುಂಡು ಹಾರಿಸದೆ, ಊರಿನವರಲ್ಲಿ ಒಬ್ಬರೂ ಕಚ್ಚಿಸಿಕೊಳ್ಳದಂತೆ ಹೆಣಗಳನ್ನೆಲ್ಲ ಹಳ್ಳಕ್ಕೆ ಕೆಡವಿದರೆ ಅದು ಸಿಗುತ್ತಿತ್ತು. ಸಂಜೆಯೊಳಗೆ ಆಗದಿದ್ದರೆ ಇನ್ನಿಲ್ಲ.

"ಅಷ್ಟು ಬೇಕಿದ್ರೆ ನಿಮ್ಮಪ್ಪ ಆಡಲಿ. ಅವರೇನು ಬಸುರಿಯಲ್ಲ" ಎಂದಳು ಹೆಂಡತಿ. "ನೀನು ಆ ಕಡೆ ತಿರುಗಿ ಮಲಗು."

ಅದೇ ತೀರ್ಮಾನವಾಯಿತು. ಮಗಳು ಕಿಟಕಿಯ ಕಡೆ ಮಗ್ಗುಲಾದಳು. ನಾನು ಅವಳ ಬೆನ್ನ ಹಿಂದೆ ಕುರ್ಚಿ ಎಳೆದುಕೊಂಡು ಕುಳಿತೆ.

ಊರೆಂದರೆ ಚದುರಂಗದ ಹಾಗೆ ಚೌಕಗಳು. ಒಂದು ಸರದಿಗೆ ಒಂದೇ ಕೆಲಸ: ಒಂದು ಬೇಲಿ ಹಾಕಬಹುದು, ಗಂಟೆ ಇಡಬಹುದು, ಇಲ್ಲವೇ ಇಟ್ಟದ್ದನ್ನು ಕೀಳಬಹುದು. ಆಮೇಲೆ ಹೆಣಗಳು ಒಂದೊಂದು ಚೌಕ ಮುಂದೆ ಬರುತ್ತವೆ. ಇಟ್ಟ ಗಂಟೆ ಬಾರಿಸಿದ ಕಡೆಗೆ ತಿರುಗುತ್ತವೆ. ಬೇಲಿ ಸಿಕ್ಕರೆ ನಿಂತು ಕಡಿಯುತ್ತವೆ.

"ಎರಡನೇ ಸಾಲು, ಎಡದಿಂದ ಐದನೇ ಚೌಕಕ್ಕೆ ಬೇಲಿ ಹಾಕಪ್ಪ" ಎಂದಳು. ಹಾಕಿದೆ. "ಈಗ ನಾಲ್ಕನೇ ಸಾಲಿನ ತುದೀಲಿ ಗಂಟೆ." ಇಟ್ಟೆ. ಅವಳ ಕಣ್ಣು ಹೊರಗಿನ ಸೀಬೆ ಗಿಡದ ಮೇಲಿತ್ತು. ಊರು ಮಾತ್ರ ಅವಳ ತಲೆಯೊಳಗೆ ಮೂಲೆ ಮೂಲೆಯೂ ನಿಂತಿತ್ತು. ಕಣ್ಣೆದುರು ಇಟ್ಟುಕೊಂಡಿದ್ದ ನನಗೇ ಯಾವ ಹೆಣ ಎಲ್ಲಿತ್ತೆಂಬುದು ತಪ್ಪಿಹೋಗುತ್ತಿತ್ತು.

ನಾನು ರೇಷ್ಮೆ ಹುಳು ಸಾಕುವುದನ್ನು ರೈತರಿಗೆ ಹೇಳಿಕೊಡುವ ಕೆಲಸದಲ್ಲಿದ್ದವನು. ಹೊತ್ತಿಗೆ ಸರಿಯಾಗಿ ಸೊಪ್ಪು, ಹೊತ್ತಿಗೆ ಸರಿಯಾಗಿ ಹುಳುವಿನ ಹಾಸಿಗೆ ಬದಲಾವಣೆ. ತಟ್ಟೆಯಲ್ಲಿ ಕಾಯಿಲೆಯ ಹುಳು ಕಂಡರೆ ಯಾರನ್ನೂ ಕೇಳದೆ ಆ ಕ್ಷಣವೇ ಆರಿಸಿ ಬ್ಲೀಚಿಂಗ್ ಪುಡಿಯ ನೀರಿಗೆ ಹಾಕುವುದು. ಆಟದಲ್ಲೂ ಅರ್ಧ ಕಡಿಸಿಕೊಂಡು ಜೋತುಬಿದ್ದ ಬೇಲಿ ಕಂಡೊಡನೆ ನನ್ನ ಕೈ ಅದನ್ನು ಕಿತ್ತುಬಿಟ್ಟಿತು. ಹೊಸದು ಹಾಕಿದರಾಯಿತು ಎಂದುಕೊಂಡೆ.

"ಅಪ್ಪ, ಎರಡನೇ ಸಾಲಲ್ಲಿ ಬೇಲಿ ಕಡಿಯೋ ಸದ್ದು ಯಾಕೆ ನಿಂತೋಯ್ತು?"

ಬೆನ್ನ ಹಿಂದಿನ ನರಳಾಟ, ಗಂಟೆ, ಹೆಜ್ಜೆ ಸದ್ದುಗಳ ನಡುವೆ ನಿಂತುಹೋದ ಒಂದೇ ಒಂದು ಕರಕರ ಅವಳ ಕಿವಿಗೆ ಬಿದ್ದಿತ್ತು.

"ಹಾಳಾಗಿತ್ತಮ್ಮ, ತೆಗೆದೆ."

"ಅಯ್ಯೋ, ಯಾಕಪ್ಪ ತೆಗೆದೆ! ಅದಿನ್ನೂ ಎರಡು ಸರದಿ ತಡೀತಿತ್ತು!"

ಹೊಸ ಬೇಲಿಗೆ ಸರದಿ ಬರುವಷ್ಟರಲ್ಲಿ ಹೆಣ ಒಳನುಗ್ಗಿ ಅಂಗಡಿಯವನನ್ನು ಕಚ್ಚಿತು. ಮೊದಲಿನಿಂದ ಶುರು.

"ಇದು ಹುಳದ ಮನೆಯಲ್ಲ ಕಣಪ್ಪ. ಮುರಿದ್ರೂ ಇರ್ಲಿ, ಮುಟ್ಟಬೇಡ."

ಮುಟ್ಟಲಿಲ್ಲ. ಮುಟ್ಟದೆ ಕುಳಿತಾಗ ಕಂಡಿತು: ಎರಡು ಕಡ್ಡಿ ಉಳಿದ ಬೇಲಿಯೂ ಒಂದು ಸರದಿ ಹೆಣವನ್ನು ನಿಲ್ಲಿಸುತ್ತದೆ. ಆ ಒಂದು ಸರದಿಯಲ್ಲಿ ಮಗಳು ಇನ್ನೊಂದು ಬೀದಿಯನ್ನು ಕಾಪಾಡುತ್ತಿದ್ದಳು. ಯಾವ ಬೇಲಿ ಯಾವಾಗ ಬೀಳಬೇಕೆಂಬುದನ್ನೂ ಲೆಕ್ಕ ಹಾಕಿಯೇ ನಿಲ್ಲಿಸಿದ್ದಳು. ಇಷ್ಟು ದೊಡ್ಡ ಲೆಕ್ಕ ನನ್ನ ಮನೆಯ ಹಾಸಿಗೆಯ ಮೇಲೆ ಸದ್ದಿಲ್ಲದೆ ನಡೆದಿತ್ತೆಂದು ತಿಳಿದು ನನ್ನ ಮೈ ಜುಮ್ಮೆಂದಿತು.

ಊಟವಾದ ಮೇಲೂ ಮತ್ತೆ ಸೋತೆವು, ಮತ್ತೆ ಕುಳಿತೆವು. ಹುರುಳಿಕಾಯಿ ಬಿಡಿಸುತ್ತ ಹೆಂಡತಿಯೂ ನನ್ನ ಪಕ್ಕಕ್ಕೆ ಬಂದು ನಿಂತಳು. ಬೈಯುವುದಕ್ಕೆ ಬಂದವಳು ಸ್ವಲ್ಪ ಹೊತ್ತಿಗೆಲ್ಲ, "ರೀ, ಆ ಮುದುಕಿ ಮನೆ ಕಡೆ ಹೋಗ್ತಾವೆ ನೋಡ್ರೀ! ಬಾಗಿಲು ಹಾಕ್ಕೋ ಅನ್ರೀ ಅವಳಿಗೆ!" ಎಂದಳು.

"ಎಷ್ಟು ಚೌಕ ದೂರ?" ಮಗಳು ಕೇಳಿದಳು.

"ಎರಡೇ" ಎಂದೆ.

ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಉಸಿರು ಎಳೆದುಕೊಂಡಳು. ಒಳಗೆ ಮಗು ಒದೆಯುತ್ತಿತ್ತು. ಆಟದಲ್ಲಿ ಆತುರವಿರಲಿಲ್ಲ. ನಾವು ನಡೆಸುವವರೆಗೂ ಹೆಣಗಳು ತೂಗಾಡುತ್ತ ಕಾಯುತ್ತಿದ್ದವು.

"ಮುದುಕಿ ಮನೆ ಮುಂದಿನ ಬೇಲಿ ಕೀಳಪ್ಪ."

"ಮುರಿದಿಲ್ಲಮ್ಮ, ಗಟ್ಟಿಯಾಗಿದೆ."

"ಅದಕ್ಕೇ ಕೀಳು. ಬೇಲಿ ಇದ್ರೆ ಅಲ್ಲೇ ನಿಂತು ಕಡೀತಾವೆ, ಗಂಟೆಗೂ ತಿರುಗಲ್ಲ. ದಾರಿ ಬಿಡು. ಒಂದು ಹೆಜ್ಜೆ ಬರ್ಲಿ, ಅಲ್ಲಿಂದ ಹಳ್ಳಕ್ಕೆ ನೇರ ದಾರಿ. ಆಮೇಲೆ ಹಳ್ಳದ ಆಚೆ ಗಂಟೆ ಇಡು."

ಕಿತ್ತೆ. ಹೆಂಡತಿ ನನ್ನ ಭುಜ ಹಿಡಿದಳು. ಹೆಣಗಳು ಮುದುಕಿಯ ಹೊಸ್ತಿಲವರೆಗೆ ಬಂದವು. ಗಂಟೆ ಇಟ್ಟೆ. ಎಲ್ಲವೂ ಒಟ್ಟಿಗೆ ಕತ್ತು ತಿರುಗಿಸಿ, ಸಾಲಾಗಿ ನಡೆದು, ಒಂದರ ಹಿಂದೊಂದು ಹಳ್ಳಕ್ಕೆ ಬಿದ್ದವು. ಪರದೆಯ ಮೇಲೆ ಹಳದಿ ಪದಕ ತಿರುಗತೊಡಗಿತು.

"ಬಂತಾ?"

"ಬಂತಮ್ಮ."

"ನಾನು ನೋಡ್ಲಾ?"

ಹೆಂಡತಿ ಕನ್ನಡಕ ಹಾಕಿಕೊಂಡು, ಪದಕದ ಹಿಂದೆ ಮುಂದೆ ಹೆಣವಿಲ್ಲವೆಂದು ಖಾತ್ರಿಪಡಿಸಿಕೊಂಡ ಮೇಲೆ ಪರದೆಯನ್ನು ಅವಳ ಕಡೆ ತಿರುಗಿಸಿದಳು. ಮಗಳು ಬಹಳ ಹೊತ್ತು ನೋಡಿದಳು.

"ಆಫೀಸಿನವರು ಇದನ್ನೆಲ್ಲ ಅಳಿಸಿಬಿಡ್ತಾರಲ್ಲಮ್ಮ" ಎಂದೆ.

"ಅಳಿಸ್ಲಿ ಬಿಡಪ್ಪ. ಊರಲ್ಲಿ ಯಾರಿಗೂ ಏನೂ ಆಗ್ಲಿಲ್ಲ."

ಸಂಜೆ ಅಳಿಯಂದಿರು ಬಂದರು, ಕಾಫಿ ಕುಡಿದರು. ನಾನು ಲ್ಯಾಪ್‌ಟಾಪ್ ಮುಚ್ಚಿ, ವೈರು ಸುತ್ತಿ ಚೀಲದಲ್ಲಿಟ್ಟು, ಜಿಪ್ ಎಳೆದು ಅವರ ಕೈಗೆ ಕೊಟ್ಟೆ.