ಲೋಕಲ್ ಎಂಬ ಸದಸ್ಯ

ನಾನು ನಡೆಸುತ್ತಿದ್ದದ್ದು ಏನು ಅಂತ ನನಗೇ ಸರಿಯಾಗಿ ಗೊತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಬೈಯಬಾರದು. ತೊಂಬತ್ತರ ಆಸುಪಾಸಿನ ಮಾತು. ಘಾಟ್ಕೋಪರ್‌ನ ಎರಡು ಕೋಣೆಯ ಮನೆಯಲ್ಲಿ ನಾನು, ಅಪ್ಪ, ಒಂದು ಕಂಪ್ಯೂಟರ್, ಒಂದು ಫೋನ್. ಇವೆರಡರ ನಡುವೆ ಮೋಡೆಮ್ ಎಂಬ ಡಬ್ಬಿ. ಸಂಜೆ ಏಳರಿಂದ ಒಂಬತ್ತರೊಳಗೆ ಯಾರಾದರೂ ತಮ್ಮ ಮನೆಯ ಕಂಪ್ಯೂಟರಿನಿಂದ ನಮ್ಮ ನಂಬರು ತಿರುಗಿಸಿದರೆ ಡಬ್ಬಿ ಕಿರುಚುತ್ತಿತ್ತು, ಅವರು ನಮ್ಮ ‘ಬೋರ್ಡಿ’ನೊಳಗೆ, ಅಂದರೆ ನನ್ನ ಕಂಪ್ಯೂಟರಿನಲ್ಲಿದ್ದ ಸೂಚನಾಫಲಕದೊಳಗೆ, ಬರುತ್ತಿದ್ದರು. ಅಲ್ಲಿರುವುದನ್ನು ಓದಿ, ತಮ್ಮದೊಂದು ಬರೆದಿಟ್ಟು ಹೋಗುತ್ತಿದ್ದರು. ಒಬ್ಬರು ಒಳಗಿದ್ದಾಗ ಇನ್ನೊಬ್ಬರು ಬರುವಂತಿಲ್ಲ. ಚಾಳಿನ ಸಂಡಾಸಿನ ಹಾಗೆ ಸರದಿ.

ಹತ್ತು ಹನ್ನೆರಡು ಸದಸ್ಯರು. ಯಾರ ಮುಖವನ್ನೂ ಯಾರೂ ಕಂಡಿರಲಿಲ್ಲ. ಒಬ್ಬ ‘ಹಿತ್ತಾಳೆ ಕಾಗೆ’, ಇನ್ನೊಬ್ಬಳು ‘ಮಿಸ್ ಬಾಯ್ಲರ್’, ಇಂಥ ಹೆಸರುಗಳು. ಹಬೆಯಿಂದ ಹಾರುವ ವಿಮಾನ, ಗಡಿಯಾರದ ಚಕ್ರಗಳಿರುವ ಆನೆ, ಇಂಥವನ್ನೆಲ್ಲ ಅಕ್ಷರ, ಚುಕ್ಕಿ, ಅಡ್ಡಗೆರೆ ಜೋಡಿಸಿ ಚಿತ್ರ ಮಾಡುತ್ತಿದ್ದರು. ವಿಲೆ ಪಾರ್ಲೆಯ ಕಾಲೇಜು ಹುಡುಗನೊಬ್ಬ, ಅಮೆರಿಕದಲ್ಲಿ ಇದಕ್ಕೆ ‘ಸ್ಟೀಮ್‌ಪಂಕ್’ ಅಂತಾರೆ ಎಂದು ಎಲ್ಲೋ ಓದಿ ಬಂದು ಬರೆದ. ಸ್ಟೀಮ್ ಸರಿ, ಪಂಕ್ ಅಂದರೇನು? ನನಗೆ ಗೊತ್ತಿದ್ದ ಪಂಕ ಅಂದರೆ ಕೆಸರು. ಆದರೂ ಹೆಸರು ಚೆನ್ನಾಗಿದೆ ಅಂತ ಬೋರ್ಡಿನ ತಲೆಗೆ ಅದನ್ನೇ ಕಟ್ಟಿದೆ.

ಅಪ್ಪನಿಗೆ ಇದು ಹುಚ್ಚಾಟ. ಅವರು ರೈಲ್ವೆ ವರ್ಕ್‌ಶಾಪಿನಲ್ಲಿ ಬಾಯ್ಲರಿಗೆ ರಿವೆಟ್ ಹೊಡೆಯುವ ಸದ್ದಿನೊಳಗೆ ಮೂವತ್ತು ವರ್ಷ ನಿಂತು ಎರಡೂ ಕಿವಿ ಕಳೆದುಕೊಂಡವರು. ಸ್ಟೀಮ್ ಎಂಜಿನ್ ಹೋದ ದಿನ ಮನೆಮನೆಗೆ ಪೇಢೆ ಹಂಚಿದ್ದವರು. “ಹೊಗೆ ಕುಡಿದವನಿಗೆ ಗೊತ್ತು ಕಣೇ ಅದರ ರುಚಿ. ಅದರ ಚಿತ್ರ ಬರೀತೀರಲ್ಲ, ಬುದ್ಧಿ ಎಲ್ಲಿ ಅಡ ಇಟ್ಟಿದ್ದೀರಿ?” ಎಂದು ನನ್ನ ಬೆನ್ನ ಹಿಂದೆ ನಿಂತು ಪರದೆ ಓದುತ್ತ ಅನ್ನುತ್ತಿದ್ದರು. ಮೋಡೆಮ್ ಕಿರುಚುವಾಗ ರಿಸೀವರ್ ಎತ್ತಿ ಕಿವಿಗಿಟ್ಟುಕೊಳ್ಳುವುದು ಅವರಿಗೆ ಚಟ. “ಅಬ್ಬಾ, ಇದೊಂದು ಕೇಳಿಸ್ತದಪ್ಪ!” ಎಂದು ಖುಷಿಪಡುತ್ತಿದ್ದರು. ಅಷ್ಟರಲ್ಲಿ ಪಾಪದ ಸದಸ್ಯನ ಲೈನು ಕಟ್ಟಾಗಿರುತ್ತಿತ್ತು. ನಾನು ಕೂಗಾಡುತ್ತಿದ್ದೆ, ಅದು ಅವರಿಗೆ ಕೇಳಿಸುತ್ತಿರಲಿಲ್ಲ. ಅಮ್ಮ ಹೋದಮೇಲೆ ನಮ್ಮ ಮಾತು ಊಟ, ಹಾಲು, ಬಾಗಿಲು ಅನ್ನುವಲ್ಲಿಗೆ ಬಂದು ನಿಂತಿತ್ತು. ನಿಜ ಹೇಳುತ್ತೇನೆ, ಕೂಗಿ ಕೂಗಿ ನನಗೆ ಬೇಜಾರಾಗಿತ್ತು.

ಒಂದು ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದರೆ ಹೆಗಲ ಮೇಲೆ ಗೋಣಿಚೀಲ ಹೊತ್ತ, ಬಿಳಿಗಡ್ಡದ ಅಪರಿಚಿತರು.

“ಸಲಾಂ ಅಕ್ಕಾರ. ಸ್ಟೀಮ್ ಪಂಖಾ ಸಂಘ ಇದ ಏನ್ರೀ?”

ನನಗೆ ಒಂದು ಕ್ಷಣ ಏನೂ ಹೊಳೆಯಲಿಲ್ಲ. ಆಮೇಲೆ ಗೊತ್ತಾಯಿತು. ಮಗಳು ಏನು ಮಾಡ್ತಾಳೆ ಅಂತ ಕೇಳಿದ ಹಳೆಯ ಸಹೋದ್ಯೋಗಿಗಳಿಗೆಲ್ಲ ಅಪ್ಪ, ತಮಗೆ ಕೇಳಿಸಿದ ಹಾಗೆ, “ಸ್ಟೀಮ್ ಪಂಖಾ ಸಂಘ ನಡೆಸ್ತಾಳೆ” ಎಂದು ಸಾರಿಬಿಟ್ಟಿದ್ದರು. ಆ ಸುದ್ದಿ ಬೈಕುಲ್ಲಾದ ಈ ಮೆಕ್ಯಾನಿಕ್‌ವರೆಗೂ ಹೋಗಿತ್ತು. ಬಿಜಾಪುರದ ಕಡೆಯವರು. ಲೋಕಲ್ಲಿನ ಲಗೇಜ್ ಡಬ್ಬದಲ್ಲಿ ನಿಂತು ಬಂದಿದ್ದರು.

ಚೀಲದಿಂದ ಹೊರಬಂದದ್ದು ಸಾಕ್ಷಾತ್ ಪಂಖವೇ, ಗಾಳಿ ಬೀಸುವ ಫ್ಯಾನು. ಕೆಳಗೆ ಸೀಮೆಎಣ್ಣೆ ದೀಪ, ನಡುವೆ ಕಬ್ಬಿಣದ ಕೊಳವೆ, ಅದರೊಳಗೆ ಪಿಸ್ಟನ್, ಮೇಲೆ ಹಿತ್ತಾಳೆ ರೆಕ್ಕೆ. ಕರೆಂಟ್ ಇಲ್ಲದ ಕಾಲದಲ್ಲಿ ದೀಪದ ಬಿಸಿಗೇ ತಿರುಗುತ್ತಿತ್ತಂತೆ. ನಮ್ಮ ಸದಸ್ಯರು ಕನಸು ಕಾಣುತ್ತಿದ್ದ ವಸ್ತು ನನ್ನ ಅಡಿಗೆಕಟ್ಟೆಯ ಮೇಲೆ ಕೂತಿತ್ತು, ನನಗೆ ಅದನ್ನು ಎಲ್ಲಿ ಹಿಡಿಯಬೇಕೆಂದೂ ತಿಳಿಯಲಿಲ್ಲ.

“ನಮ್ಮ ಉಸ್ತಾದರು ಸಾಯೂ ಮುಂದ ಕೊಟ್ಟಿದ್ದರಿ. ಇದನ್ನೊಂದು ತಿರುಗಿಸು ಬೇಟಾ ಅಂದಿದ್ರು. ಹನ್ನೊಂದು ವರ್ಷ ಆತು, ಒಂದ ಸುತ್ತೂ ತಿರಗವಲ್ದು. ಈಗ ದುಕಾನ ಮುಚ್ಚಾಕತ್ತೀನಿ, ಊರಿಗೆ ಹೊಂಟೀನಿ. ಮುಂದಿನ ಸೋಮವಾರ ಸಾಮಾನೆಲ್ಲಾ ಒಯ್ಯಾಕ ಬರ್ತಾರ. ಇದು ತಿರುಗಿದ್ರ ಜೋಡಿ ಒಯ್ತೀನಿ. ಇಲ್ಲಂದ್ರ ಇದನ್ನೂ ಭಂಗಾರಕ್ಕ ಹಾಕೂದ.”

ಮುಂಬಯಿಯಲ್ಲಿ ಭಂಗಾರ ಅಂದರೆ ಗುಜರಿ. ಬಾಗಿಲಲ್ಲಿ ನಿಂತಿದ್ದ ಅಪ್ಪ ಮೆಕ್ಯಾನಿಕ್ಕರ ತುಟಿ ನೋಡಿ, “ಬಂಗಾರ ಹಾಕ್ತಾರಂತಾ ಇದಕ್ಕೆ?” ಅಂದರು. ಹತ್ತಿರ ಬಂದು ಪಿಸ್ಟನ್ನಿನ ಸರಳನ್ನು ಒಂದು ಬೆರಳಿಂದ ಮುಟ್ಟಿ, ಉಜ್ಜಿ, ಮೂಸಿ ನೋಡಿ, “ಈ ಪೀಡೆಯ ಸಹವಾಸ ನನಗೆ ಬೇಡ” ಎಂದು ಹೊರಟುಹೋದರು. ನಾನು ಅವರನ್ನು ಏನೂ ಕೇಳಲಿಲ್ಲ.

ಇದು ಪಂಖದ ಸಂಘ ಅಲ್ಲ, ನಾವು ಬರೀ ಚಿತ್ರ ಬರೆಯುವವರು ಎಂದು ಹೇಳಬೇಕಿತ್ತು. ಬಾಯಿ ಬರಲಿಲ್ಲ. “ಇಟ್ಟುಹೋಗಿ, ಸಂಘದಲ್ಲಿ ಕೇಳ್ತೀನಿ” ಅಂದುಬಿಟ್ಟೆ. ಅವರು ಕೈ ಎದೆಯ ಮೇಲಿಟ್ಟುಕೊಂಡು ಹೋದರು. ಸುಳ್ಳು ಹೇಳಿದೆನೋ ನಿಜ ಹೇಳಿದೆನೋ ಇವತ್ತಿಗೂ ಗೊತ್ತಿಲ್ಲ.

ಆ ಸಂಜೆಯೇ ಬೋರ್ಡಿನಲ್ಲಿ ಬರೆದೆ: ಪಂಖ ಹೀಗಿದೆ, ತಿರುಗುತ್ತಿಲ್ಲ, ಭಾನುವಾರದೊಳಗೆ ತಿರುಗದಿದ್ದರೆ ಗುಜರಿಗೆ ಹೋಗುತ್ತದೆ, ಏನು ಮಾಡಲಿ? ಅಯ್ಯೋ, ಬಂದ ಉತ್ತರಗಳೋ! ಹಿತ್ತಾಳೆ ಕಾಗೆ, ಇದು ಹಬೆಯಲ್ಲ ಬರೀ ಬಿಸಿಗಾಳಿ, ನಮ್ಮ ಬೋರ್ಡಿಗೆ ಸೇರುವುದಿಲ್ಲ ಎಂದು ಹಟ ಹಿಡಿದ. ಮಿಸ್ ಬಾಯ್ಲರ್, ಮುಖ್ಯವಾದದ್ದು ಭಾವನೆ ಎಂದಳು. ವಿಲೆ ಪಾರ್ಲೆಯವನು ಪಂಖದ ಮೇಲೆ ಒಂದು ಕವನ ಬರೆದ. ನಾಲ್ಕು ದಿನ ಜಗಳ. ಕೈಯಲ್ಲಿ ಸ್ಪ್ಯಾನರ್ ಹಿಡಿದವರು ಒಬ್ಬರೂ ಇಲ್ಲ. ಇವರನ್ನೆಲ್ಲ ಕಟ್ಟಿಕೊಂಡು ಏನು ಮಾಡುತ್ತಿದ್ದೇನೆ ಅಂತ ನನಗೆ ನನ್ನ ಮೇಲೇ ಸಿಟ್ಟು ಬಂತು.

ಶುಕ್ರವಾರ ಆಫೀಸಿನಿಂದ ತಡವಾಗಿ, ಒಂಬತ್ತರ ಹೊತ್ತಿಗೆ ಬಂದು ನೋಡಿದರೆ ಹೊಸದೊಂದು ಬರಹ. ಇಂಗ್ಲಿಷಿನಲ್ಲಿ, ಎಲ್ಲ ದೊಡ್ಡಕ್ಷರ, ತಂತಿ ಕಳಿಸಿದ ಹಾಗೆ: ಎಣ್ಣೆ ನಿಲ್ಲಿಸಿ. ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ. ಪೆನ್ಸಿಲ್ ಕಡ್ಡಿಯ ಪುಡಿ ಹಚ್ಚಿ. ಕೊಳವೆ ಕಾದಮೇಲೆ ಕೈಯಿಂದ ಒಮ್ಮೆ ನೂಕಿ. ಬರೆದವರ ಹೆಸರಿನ ಜಾಗದಲ್ಲಿ ‘ಲೋಕಲ್’ ಎಂದಿತ್ತು. ದಿನಾ ಲೋಕಲ್ಲಿನಲ್ಲಿ ಜೋತುಬಿದ್ದು ಓಡಾಡುವ ಯಾವನೋ ಹೊಸ ಸದಸ್ಯ ಅಂದುಕೊಂಡೆ. ಹಿತ್ತಾಳೆ ಕಾಗೆ ಇರಬಹುದಾದರೆ ಲೋಕಲ್ ಯಾಕಿರಬಾರದು?

ಭಾನುವಾರ ಮೆಕ್ಯಾನಿಕ್ ಬಂದರು. ಲೋಕಲ್ ಬರೆದದ್ದನ್ನು ಓದಿ ಹೇಳಿದರೆ ಅವರ ಮುಖ ಬಿಗಿಯಿತು.

“ಮಿಶಿನ್ನಿಗೆ ಎಣ್ಣಿ ಬ್ಯಾಡ ಅನ್ನಾಂವ ಯಾಂವ್ರೀ ಅಂವಾ? ಪ್ರತೀ ಶುಕ್ರವಾರ ನಮಾಜ್ ಮುಗಿಸಿ ಬಂದು, ಉಸ್ತಾದರನ್ನ ನೆನಸಿ ಎಣ್ಣಿ ಬಿಟ್ಟೀನಿ. ಒಂದ ವಾರನೂ ತಪ್ಪಿಸಿಲ್ಲ.”

“ನಾಳೆ ಗುಜರಿಗೆ ಹೋಗೋದೇ ತಾನೇ? ಒಂದು ಸಲ ನೋಡೋಣ” ಅಂದೆ.

ಅವರು ಪಂಖ ಬಿಚ್ಚಿದರು. ಹನ್ನೊಂದು ವರ್ಷದ ಎಣ್ಣೆ ಒಳಗೆ ಸುಟ್ಟು, ಕಪ್ಪು ಬೆಲ್ಲದ ಪಾಕದ ಹಾಗೆ ಅಂಟಿಕೊಂಡಿತ್ತು. ತೊಳೆದರು, ಒರೆಸಿದರು, ನಾನು ಕೆತ್ತಿ ಕೊಟ್ಟ ಪೆನ್ಸಿಲ್ ಪುಡಿ ಹಚ್ಚಿದರು. ದೀಪ ಹಚ್ಚಿ ಕಾದೆವು. ಕೊಳವೆ ಕಾದಾಗ ಬೆರಳಿಂದ ರೆಕ್ಕೆಯನ್ನು ಮೆಲ್ಲಗೆ ನೂಕಿದರು. ಅರ್ಧ ಸುತ್ತು ಹೋಗಿ ನಿಂತಿತು. ಮತ್ತೆ ನೂಕಿದರು. ಈ ಸಲ ನಿಲ್ಲಲಿಲ್ಲ.

ಗಾಳಿ ಏನು ಮಹಾ ಬರಲಿಲ್ಲ, ಅವರ ಗಡ್ಡ ಅಲುಗಾಡುವಷ್ಟು. ಅವರು ಅದರ ಎದುರು ಕುಕ್ಕುರುಗಾಲಲ್ಲಿ ಕೂತು ನಗುತ್ತಲೇ ಅತ್ತುಬಿಟ್ಟರು. “ಹನ್ನೊಂದು ವರ್ಷ ನಾನ ಇದರ ಕುತ್ತಿಗಿ ಹಿಚುಕೀನಲ್ರೀ ಅಕ್ಕಾರ!” ಹೋಗುವಾಗ, “ಆ ಲೋಕಲ್ ಸಾಹೇಬರಿಗೆ ನನ್ನ ಸಲಾಂ ಮುಟ್ಟಿಸ್ರಿ” ಎಂದರು. ಅಪ್ಪ ಒಳಕೋಣೆಯಲ್ಲಿ ಪೇಪರ್ ಹಿಡಿದು ಕೂತೇ ಇದ್ದರು.

ಲೋಕಲ್ ಅವರೇ, ನೀವು ಯಾರು, ಎಲ್ಲಿ ಇಳಿಯುತ್ತೀರಿ ಎಂದು ಬೋರ್ಡಿನಲ್ಲಿ ಮೂರು ಸಲ ಬರೆದೆ. ಉತ್ತರವಿಲ್ಲ. ತಿಂಗಳಾದಮೇಲೆ ಒಂದು ಸಂಜೆ, ಅವಸರದಲ್ಲಿ ನನ್ನ ಹೆಸರು ಹಾಕದೆ ಒಂದು ಸೂಚನೆ ಬರೆದೆ. ಹೆಸರಿನ ಜಾಗದಲ್ಲಿ ತಾನಾಗಿ ಮೂಡಿತು: ಲೋಕಲ್. ನಾನು ಬೆಪ್ಪಾದೆ. ಈ ಪ್ರೋಗ್ರಾಮ್ ಕೊಟ್ಟಿದ್ದ ಗೆಳತಿಗೆ ಫೋನ್ ಮಾಡಿ ಕೇಳಿದೆ. “ಹೆಸರು ಹಾಕದಿದ್ರೆ ಎಲ್ಲಿಂದ ಬಂದದ್ದು ಅಂತ ತೋರಿಸತ್ತೆ ಕಣೇ. ಲೋಕಲ್ ಅಂದ್ರೆ ಫೋನಿನಿಂದ ಅಲ್ಲ, ನಿನ್ನ ಮನೆಯ ಕೀಬೋರ್ಡಿನಿಂದಲೇ” ಅಂದಳು.

ಮನೆಯಲ್ಲಿ ಇದ್ದವರು ಇಬ್ಬರೇ.

“ಅಪ್ಪ, ನನಗೇ ಯಾಕೆ ಹೇಳಲಿಲ್ಲ?” ಎಂದು ಕೂಗಿದೆ. “ಏನು?” ಅಂದರು. ಇನ್ನೊಮ್ಮೆ ಕೂಗಲು ಬಾಯಿ ತೆರೆದವಳು ಸುಮ್ಮನಾಗಿ, ಕೂತು ಅದನ್ನೇ ಟೈಪ್ ಮಾಡಿ ಪರದೆಯನ್ನು ಅವರತ್ತ ತಿರುಗಿಸಿದೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ಎರಡೇ ಬೆರಳಲ್ಲಿ, ಒಂದೊಂದೇ ಕೀಲಿ ಹುಡುಕಿ ಒತ್ತಿ, ಅದೇ ದೊಡ್ಡಕ್ಷರಗಳಲ್ಲಿ ಬರೆದರು: ನೀನು ಕೇಳಿದ್ದು ಇಲ್ಲಿ.

ಏಳು ಗಂಟೆಯಾಗಿತ್ತು, ಫೋನು ಬಡಿದುಕೊಳ್ಳತೊಡಗಿತು. ಡಬ್ಬಿಯ ತಂತಿ ಕಿತ್ತಿಟ್ಟೆ. ಕುರ್ಚಿಯನ್ನು ಅವರ ಪಕ್ಕಕ್ಕೆ ಎಳೆದುಕೊಂಡು ಟೈಪ್ ಮಾಡಿದೆ: ವರ್ಕ್‌ಶಾಪಿನಲ್ಲಿ ನಿಮ್ಮ ಮೊದಲ ದಿನ ಹೇಗಿತ್ತು?