ಅಕ್ಕಿ ಮುಡಿಯೊಳಗಿನ ರೈಲು

ಬೈಂದೂರಿನಿಂದ ಬ್ರಹ್ಮಾವರದವರೆಗೆ ಹಳೆಯ ಆಟದ ರೈಲುಗಳ ಜಾತಕ ಬಿಡಿಸಬಲ್ಲವರು ಒಬ್ಬರೇ, ಹೆಮ್ಮಾಡಿಯ ಗುಣಪಾಲ ಶೆಟ್ಟರು. ಈ ಸಾಮ್ರಾಜ್ಯಕ್ಕೆ ಬೇರೆ ಹಕ್ಕುದಾರರೇ ಇರಲಿಲ್ಲ ಎಂಬುದು ನಿಜ. ಆದರೂ ಚಕ್ರವರ್ತಿ ಚಕ್ರವರ್ತಿಯೇ. ಮುಂಬೈಯಲ್ಲಿ ಮೂವತ್ತು ವರ್ಷ ಕ್ಯಾಂಟೀನ್ ನಡೆಸುತ್ತ, ಗುಜರಿ ಬಜಾರುಗಳಲ್ಲಿ ತಗಡಿನ ಇಂಜಿನುಗಳನ್ನು ಹೆಕ್ಕಿ ತಂದು, ಊರಿನ ಮನೆಯ ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿದ್ದರು. ಪಟ್ಟದ ರಾಣಿ, ಕೀಲಿ ಕೊಟ್ಟರೆ ಓಡುವ ಜರ್ಮನಿಯ ಹಸಿರು ಇಂಜಿನು. ಕಡಲ ಗಾಳಿಗೆ ಅದರ ಹೊಟ್ಟೆ ತುಕ್ಕು ಹಿಡಿದಿತ್ತು. ಮೂಲ ಪೆಟ್ಟಿಗೆಯೂ ಇರಲಿಲ್ಲ. ಆದರೂ ಇಡೀ ಜಿಲ್ಲೆಗೆ ಇದೊಂದೇ ಎಂದು ಬಂದವರಿಗೆಲ್ಲ ಹೇಳಿ ಹೇಳಿ, ಆ ಮಾತೇ ಶೆಟ್ಟರ ಬೆನ್ನೆಲುಬಾಗಿತ್ತು.

ಒಂದು ಬೆಳಿಗ್ಗೆ, ಮನೆಗೆ ಮೀನು ಕೊಡುವ ಮರವಂತೆಯ ಜಲಜಕ್ಕ ಬುಟ್ಟಿಯ ಬದಲು, ಅಕ್ಕಿ ಕೆಡದಂತೆ ಹುಲ್ಲಿನಲ್ಲಿ ಕಟ್ಟಿಡುವ ಪುಟ್ಟ ಮುಡಿಯೊಂದನ್ನು ಹೊತ್ತು ಬಂದರು. ಹಗ್ಗ ಬಿಚ್ಚಿ ಭತ್ತದ ಹುಲ್ಲು ಸರಿಸಿದರೆ ಒಳಗೆ ಅಕ್ಕಿಯಿಲ್ಲ. ರಟ್ಟಿನ ಪೆಟ್ಟಿಗೆ, ಅದರಲ್ಲಿ ಶೆಟ್ಟರದ್ದರಂಥದ್ದೇ ಹಸಿರು ಇಂಜಿನು, ಮೂರು ಬೋಗಿ, ಹಳಿ, ಕೀಲಿ. ನಿನ್ನೆ ಅಂಗಡಿಯಿಂದ ತಂದ ಹಾಗೆ.

"ಅಪ್ಪಯ್ಯ ಬೊಂಬಾಯಿಂದ ತಂದದ್. ಹೊರಗಿಟ್ರೆ ತುಕ್ಕ್ ಹಿಡಿತ್ತ್ ಅಂದ್ಹೇಳಿ ನನ್ನ್ ಹೆತ್ತಬ್ಬಿ ಮುಡಿ ಕಟ್ಟಿ ಅಟ್ಟಕ್ಕ್ ಹಾಕಿದ್ಳ್. ಇದಕ್ಕ್ ಬೆಲೆ ಎಂತಾರೂ ಇತ್ತಾ, ಕಾಣಿ ಶೆಟ್ರೆ."

ಶೆಟ್ಟರು ಭೂತಗನ್ನಡಿ ಹಿಡಿದರು. ತಗಡಿನ ಅಂಚುಗಳನ್ನು ಒಂದೇ ಸಲ ಮಡಚಿದ್ದು. ಬಿಚ್ಚಿ ಮತ್ತೆ ಮಡಚಿದ್ದರೆ ಬಿರುಕು ಕಾಣುತ್ತದೆ. ಬಣ್ಣ ಮೇಲಿಂದ ಬಳಿದದ್ದಲ್ಲ. ಹೊಟ್ಟೆಯಡಿ ಕಂಪನಿಯ ಮುದ್ರೆ. ಅಸಲಿಯ ಲಕ್ಷಣಗಳು ಒಂದೊಂದಾಗಿ ಎದ್ದು ನಿಂತ ಹಾಗೆಲ್ಲ ಶೆಟ್ಟರ ಎದೆಯಲ್ಲಿ ಯಾರೋ ಮೆಣಸು ಅರೆಯತೊಡಗಿದರು. ಮೂವತ್ತು ವರ್ಷ ಗುಜರಿಯ ಧೂಳು ಕುಡಿದವರು ತಾವು. ಪೆಟ್ಟಿಗೆ ಸಿಕ್ಕಿದ್ದು ಬಂಗುಡೆ ಮಾರುವ ಜಲಜಕ್ಕನಿಗೆ, ಅದೂ ಹುಲ್ಲಿನೊಳಗೆ.

"ಡುಪ್ಲಿಕೇಟ್," ಎಂದರು. "ಕೀಲಿ ತೂತು ಎಡಬದಿಗಿತ್ತ್ ಕಾಣಿ. ಅಸಲಿ ಆದ್ರೆ ಬಲಬದಿಗಿರತ್ತ್. ಬೇಕಾರೆ ಐನೂರಕ್ಕೆ ನಾನ್ ಇಟ್ಕಂತೆ."

ಕಾಫಿ ತಂದ ಹೆಂಡತಿ ಪ್ರಭಾವತಿ ಕಪಾಟು ತೆರೆದು, ಪಟ್ಟದ ರಾಣಿಯನ್ನು ಪಕ್ಕದಲ್ಲಿ ತಂದಿಟ್ಟರು. "ನಮ್ದೂ ಎಡಬದಿಗೇ ಇತ್ತಲೆ."

ತಮ್ಮದು ಅಸಲಿ ಎಂದರೆ ಜಲಜಕ್ಕನದ್ದೂ ಅಸಲಿ, ಪೆಟ್ಟಿಗೆ ಸಮೇತ. ಹೊಟ್ಟೆಕಿಚ್ಚೆಂಬ ಸಾರಥಿ ಚಕ್ರವರ್ತಿಯ ರಥವನ್ನು ನೇರ ಹೊಂಡಕ್ಕೇ ಓಡಿಸಿದ.

"ನಮ್ದೂ ಡುಪ್ಲಿಕೇಟೇ."

"ಇಷ್ಟ್ ವರ್ಷ ನಾನ್ ಧೂಳ್ ಒರ್ಸಿದ್ದ್ ಡುಪ್ಲಿಕೇಟಿಗಾ?" ಎಂದರು ಪ್ರಭಾವತಿ.

ಜಲಜಕ್ಕ ಸೆರಗಿನ ಗಂಟಿನಿಂದ ಐನೂರರ ನೋಟು ತೆಗೆದು ಮೇಜಿನ ಮೇಲಿಟ್ಟರು. "ಹಂಗಾರೆ ನಿಮ್ದನ್ನ್ ನಂಗೆ ಕೊಡಿ. ಮೊಮ್ಮಕ್ಳ್ ಇಬ್ರ್. ಒಂದೇ ಆದ್ರೆ ಜಗಳ ಮಾಡ್ತೊ." ಹೇಳುತ್ತಲೇ ರಾಣಿಯನ್ನು ಎತ್ತಿ ಹುಲ್ಲಿನ ಮೇಲೆ ಮಲಗಿಸಿದರು.

"ಇಡಿ, ಇಡಿ," ಶೆಟ್ಟರು ಕೈ ಚಾಚಿದರು. "ಎರಡೂ ಅಸಲಿ. ನಂದಕ್ಕೆ ಎಂಟ್ ಸಾವ್ರ."

"ನಂದಕ್ಕೆ?"

ಶೆಟ್ಟರು ಕಿಟಕಿಯಾಚೆ ಹೆದ್ದಾರಿ ನೋಡಿದರು. "ಅರವತ್ತ್."

"ಅರವತ್ ರೂಪಾಯಾ?"

"ಸಾವ್ರ." ಗಂಟಲಿನಿಂದ ಮುಳ್ಳು ಕಿತ್ತ ಹಾಗೆ ಬಂತು ಮಾತು.

ಜಲಜಕ್ಕ ನೋಟನ್ನು ಸೆರಗಿಗೆ ಗಂಟು ಹಾಕಿ, ರಾಣಿಯನ್ನು ಮೇಜಿನ ಮೇಲಿಟ್ಟು, ತಮ್ಮ ರೈಲಿಗೆ ಮತ್ತೆ ಹುಲ್ಲು ಸುತ್ತಿ ಹಗ್ಗ ಬಿಗಿದು, ತಲೆಗೇರಿಸಲೆಂದು ಮುಡಿಯನ್ನು ದೊಪ್ಪನೆ ತೊಡೆಯ ಮೇಲೆ ಎಳೆದುಕೊಂಡರು. ಆ ಸದ್ದಿಗೆ ಶೆಟ್ಟರು ಕಣ್ಣು ಮುಚ್ಚಿದರು. ಮರುಕ್ಷಣ ಮುಡಿಯನ್ನು ಕಸಿದು ತಮ್ಮ ತಲೆಯ ಮೇಲೇ ಇಟ್ಟುಕೊಂಡು, ಕುಲುಕದ ಹಾಗೆ ಬಸ್‌ಸ್ಟಾಪಿನತ್ತ ಹೊರಟರು. ಜಲಜಕ್ಕ ಕೈಬೀಸಿಕೊಂಡು ಮುಂದೆ ನಡೆದರು.

ಬಸ್‌ಸ್ಟಾಪಿನಲ್ಲಿ ನೆರೆಮನೆಯ ಐತ ಬಾಯಿ ಬಿಟ್ಟು ನೋಡಿದ. "ಹ್ವಾಯ್ ಶೆಟ್ರೆ, ಮುಡಿಯಲ್ಲಿ ಎಂತ?"

"ಅಕ್ಕಿ," ಎಂದರು ಶೆಟ್ಟರು.