ಕವಳದ ಬಟ್ಟಲು, ತಲೆಯೊಳಗಿನ ಬಾವು

ನಮ್ಮ ಯಜಮಾನರ ತಲೆಯೊಳಗೆ ರಕ್ತನಾಳ ಒಡೆದದ್ದು ಸಿದ್ದಾಪುರದ ಅಂಗಡಿಯಲ್ಲಿ, ಯಾರದ್ದೋ ಗಡಿಯಾರ ರಿಪೇರಿ ಮಾಡುತ್ತಿದ್ದಾಗ. ಮೊದಲು ಕೈಯಿಂದ ಚಿಮಟ ಬಿತ್ತಂತೆ, ಆಮೇಲೆ ಅವರೇ ಬಿದ್ದರಂತೆ. ಶಿರಸಿಯ ಆಸ್ಪತ್ರೆಗೆ ಸೇರಿಸಿದೆವು. ಮರುದಿನ ಕಣ್ಣು ಬಿಟ್ಟರು. ಬಲಗೈ ಏಳುತ್ತಿರಲಿಲ್ಲ, ನಾಲಿಗೆ ತೊದಲುತ್ತಿತ್ತು. ಆದರೂ ಮಾತಿತ್ತು.

ಅವರನ್ನು ಕೆಣಕಲೆಂದೇ ನಾನು ಮನೆಯಿಂದ ಎಲೆಯಡಿಕೆಯ ಕವಳದ ಬಟ್ಟಲು ತಂದಿದ್ದೆ. ನರ್ಸ್ ಗದರುವಂತೆ ನೋಡಿದಳು.

"ಬಾಯಿಗೆ ಕೊಡೋದಿಲ್ಲ ತಂಗಿ, ತೋರಿಸ್ತೇನೆ ಅಷ್ಟೆ."

ವೀಳ್ಯದೆಲೆಗೆ ಬೇಕೆಂದೇ ಸುಣ್ಣ ಕಡಿಮೆ ಸವರಿ ಅವರ ಮೂಗಿನ ಮುಂದೆ ಹಿಡಿದೆ. ಅವರು ಎಡಗೈಯಲ್ಲಿ ಎಲೆಯನ್ನು ತಳ್ಳಿದರು. "ಸುಣ್ಣ ಉಳಿಸಿ ಎಂತ ಮಾಡ್ತೆ? ಗ್ವಾಡೆಗೆ ಬಳಿತ್ಯ?"

ಮದುವೆಯಾದಾಗಿನಿಂದ ಕೇಳಿದ ಬೈಗುಳ. ಅದು ಉಳಿದಿದ್ದರೆ ಮನುಷ್ಯ ಉಳಿದ ಹಾಗೆ ಅಂದುಕೊಂಡು ನಕ್ಕೆ.

"ಇಷ್ಟ ಬೇಗ ನಗಬ್ಯಾಡ್ರಿ ಅಮ್ಮಾ," ಎಂದರು ಹಾವೇರಿ ಕಡೆಯ ಡಾಕ್ಟರು. "ರಕ್ತ ಸೋರೋದು ನಿಂತೈತಿ. ಸೋರಿದ್ದು ಒಳಗ ಹೆಪ್ಪುಗಟ್ಟಿ ಕುಂತೈತಿ. ಅದನ್ನ ತೆಗಿಯಾಕ ಮೈಯಾಗಿನ ಕಾವಲು ಕಣಗಳು ಬರ್ತಾವ. ಬಂದವು ಸುಮ್ನಿರಂಗಿಲ್ಲ, ಸುತ್ತಲಿನ ಚಲೋ ಮೆದುಳನ್ನೂ ಕೆಡಸ್ತಾವ. ಬಾವು ಏರತೈತಿ. ಕಾಲು ಬಾತರ ಚರ್ಮ ಹಿಗ್ಗತೈತಿ, ತಲಿಬುರುಡಿ ಹಿಗ್ಗಂಗಿಲ್ರಿ."

"ಅಂದ್ರೆ ಸಹಾಯಕ್ಕೆ ಬರೋ ನಮ್ಮ ನೆಂಟರ ಹಾಗೆ," ಅಂದೆ.

ಡಾಕ್ಟರು ನಗಲಿಲ್ಲ. "ಮಾತು ಕಡಿಮಿ ಆದ್ರ, ಮಂಪರು ಬಂದ್ರ, ಕೂಡ್ಲೇ ಕರೀರಿ."

ನೆಂಟರು ನಿಜವಾಗಿಯೂ ಬಂದರು. ಯಲ್ಲಾಪುರದ ಬಸ್ಸಿಳಿದವರು, ವಜ್ರಳ್ಳಿಯ ನಾದಿನಿ, ಅವಳ ಹಿಂದೆ ಇನ್ನಷ್ಟು ಜನ. ಒಂದೆರಡು ದಿನ ಕಳೆದು, ಒಂದು ಮಧ್ಯಾಹ್ನ ಯಜಮಾನರಿಗೆ ಗಾಢ ನಿದ್ದೆ ಹತ್ತಿತು. ನಮ್ಮಲ್ಲಿ ಮಧ್ಯಾಹ್ನ ಮಲಗಿದ ಗಂಡಸನ್ನು ಎಬ್ಬಿಸುವ ಪದ್ಧತಿಯಿಲ್ಲ. ಬಳೆಯ ಸದ್ದೂ ಆಗದಂತೆ ನಡೆಯುತ್ತೇವೆ. ಆಸ್ಪತ್ರೆಯಲ್ಲೂ ಎಲ್ಲರೂ ಹಾಗೆಯೇ ಪಿಸುಗುಡತೊಡಗಿದರು.

"ಎಬ್ಸಡ ಅತ್ತಿಗೆ," ನಾದಿನಿ ನನ್ನ ಸೆರಗು ಹಿಡಿದಳು. "ಎಷ್ಟು ಚೊಲೊ ನಿದ್ದೆ ಬಂಜು ಅಣ್ಣಂಗೆ. ನಿದ್ದೆ ಬಂದ್ರೆ ಅರ್ಧ ಗುಣ ಆದಂಗೇಯ."

ಆ ಪಿಸುಮಾತಿನ ನಡುವೆ ನನಗೊಂದು ವಿಷಯ ಹೊಳೆಯಿತು. ದಿನವೂ ಕೇಳುತ್ತಿದ್ದವರು ಅವತ್ತು ಬೆಳಗಿನಿಂದ ಕವಳದ ಬಟ್ಟಲು ಎಲ್ಲಿ ಎಂದು ಒಮ್ಮೆಯೂ ಕೇಳಿರಲಿಲ್ಲ.

ಭುಜ ಅಲುಗಿಸಿ, ಸುಣ್ಣ ಸವರಿದ ಎಲೆ ಮುಂದೆ ಹಿಡಿದೆ. "ಹೋಯ್, ನಾ ಸುಣ್ಣ ಕಡಮೆ ಹಾಕಿದ್ದಿ, ನೋಡಿ."

ಕಣ್ಣು ಅರ್ಧ ತೆರೆಯಿತು. ಎಡಗೈ ಎಲೆಯನ್ನು ತೆಗೆದುಕೊಂಡಿತು. ಅದೇನೆಂದೇ ಗೊತ್ತಿಲ್ಲದವರಂತೆ ನೋಡಿದರು. ಸುಣ್ಣವನ್ನು ಹಾಸಿಗೆಯ ಬಟ್ಟೆಗೆ ಸವರಿದರು. ರೆಪ್ಪೆ ಮತ್ತೆ ಮುಚ್ಚಿತು.

"ನಿದ್ದೆಗಣ್ಣು ಪಾಪ," ಎಂದಳು ನಾದಿನಿ.

ನಾನು ಆಗಲೇ ಬಾಗಿಲಲ್ಲಿದ್ದೆ, ಡಾಕ್ಟರನ್ನು ಕೂಗುತ್ತ.

ಮತ್ತೆ ಸ್ಕ್ಯಾನ್ ಮಾಡಿದರು. ಹೊಸದಾಗಿ ರಕ್ತ ಸೋರಿರಲಿಲ್ಲ. ಹೆಪ್ಪಿನ ಸುತ್ತ ಬಾವು ಏರಿ ಮೆದುಳನ್ನು ಒಂದು ಬದಿಗೆ ಒತ್ತಿತ್ತು. ಬಾವಿಳಿಸುವ ಬಾಟಲಿ ಏರಿಸಿ, ಆಂಬುಲೆನ್ಸಿನಲ್ಲಿ ಹುಬ್ಬಳ್ಳಿಗೆ ಕಳಿಸಿದರು. ದಾರಿಯುದ್ದಕ್ಕೂ ಅವರನ್ನು ಚಿವುಟುತ್ತ ಕೂತೆ. ಒಂದು ಸಲವೂ ಬೈಯಲಿಲ್ಲ.

ಜೀವ ಉಳಿಯಿತು. ಬಾವು ಇಳಿಯುವಾಗ ಮಾತನ್ನು ಜೊತೆಗೇ ಒಯ್ದಿತ್ತು.

ಆಮೇಲೆ ಎಷ್ಟೋ ವರ್ಷ, ದಿನವೂ ಊಟವಾದ ಮೇಲೆ ಎಲೆಗೆ ಬೇಕೆಂದೇ ಸುಣ್ಣ ಕಡಿಮೆ ಸವರಿ ಅವರ ಮುಂದೆ ಹಿಡಿಯುತ್ತಿದ್ದೆ. ಎಡಗೈ ಬಂದು ಎಲೆಯನ್ನು ತಳ್ಳಿ ಸುಣ್ಣದ ಡಬ್ಬಿ ತೋರಿಸಬೇಕು. ಅದು ಸ್ವಲ್ಪ ತಡವಾದರೂ ಅವರ ಭುಜ ಅಲುಗಿಸುತ್ತಿದ್ದೆ.

ಈಗ ಅವರಿಲ್ಲ. ಮಧ್ಯಾಹ್ನ ಮನೆಯಲ್ಲಿ ಯಾರಾದರೂ ಹೆಚ್ಚು ಹೊತ್ತು ಮಲಗಿದರೆ ಹೋಗಿ ಚಿವುಟುತ್ತೇನೆ. ಮಲಗಿದವರು ಎದ್ದು ಬೈಯುವ ತನಕ ಅಲ್ಲೇ ನಿಂತಿರುತ್ತೇನೆ.